‘ನೆಗೆಟಿವ್’ ವರದಿಯನ್ನು ಎಷ್ಟು ನಂಬಬೇಕು?

ಸ್ತನ ಕ್ಯಾನ್ಸರಿನ ವರದಿಯಲ್ಲಿ ಈಸ್ಟ್ರೋಜೆನ್ ಗ್ರಾಹಕ ನೆಗೆಟಿವ್ ಎಂದು ಬಂದರೆ ಆ ಹೆಣ್ಣುಮಗಳಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ಸಿಗುವುದಿಲ್ಲ. ಗ್ರಾಹಕವಿರುವವರು ಐದು ವರ್ಷ ಇದನ್ನು ನುಂಗಿದರೆ ಆ ರೋಗದಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಬಾರ್ಶಿಯಲ್ಲಿ 1987ರಿಂದ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ನಡೆದುಬಂದಿರುವ, ಕುಂಭಾರಿಯಂಥ ಊರಿನಲ್ಲೂ ವೈದ್ಯಕೀಯ ಕಾಲೇಜು ಎದ್ದಿರುವ ಸೊಲ್ಲಾಪುರ ಸೀಮೆಯಲ್ಲಿ ಈ ಪರೀಕ್ಷೆಯನ್ನು ಯಾರೂ ಕಡೆಗಣಿಸಿಲ್ಲ. ನನ್ನ ಆಕ್ಷೇಪ ಅದನ್ನು ಓದುವ ರೀತಿಯ ಬಗ್ಗೆ. ಪರೀಕ್ಷೆ ಜೀನನ್ನು ನೋಡುವುದಿಲ್ಲ. ಜೀನಿನ ಆಜ್ಞೆಯಂತೆ ತಯಾರಾಗಿ, ಗೆಡ್ಡೆ ತೆಗೆದ ಮೇಲೂ ಕೆಡದೆ ಉಳಿದ ಪ್ರೋಟೀನನ್ನಷ್ಟೇ ಬಣ್ಣದಲ್ಲಿ ತೋರಿಸುತ್ತದೆ. ಗ್ರಾಹಕದ ಜೀನ್ ಮೆಥಿಲೀಕರಣದಿಂದ ನಿಜಕ್ಕೂ ಮೌನವಾಗಿರಬಹುದು. ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಲಿನ್ ಸೇರದೆ ಪ್ರೋಟೀನೇ ಹಾಳಾಗಿರಲೂಬಹುದು. ಎರಡಕ್ಕೂ ವರದಿಯಲ್ಲಿ ಒಂದೇ ಉತ್ತರ.

ಭಾರತೀಯ ಮಹಿಳೆಯರಿಗೆ ಚಿಕ್ಕ ವಯಸ್ಸಿನಲ್ಲೇ ರೋಗ ಬರುತ್ತದೆ, ಅವರ ಗೆಡ್ಡೆಗಳು ಹೆಚ್ಚಾಗಿ ನೆಗೆಟಿವ್ ಎನ್ನುವ ವಾದವಿದೆ. ಅದರಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೇ ಪರೀಕ್ಷಾ ಕ್ರಮ ಸುಧಾರಿಸಿದಂತೆ ಪಾಸಿಟಿವ್ ಪ್ರಮಾಣ ಏರಿತು. ಅಷ್ಟರಲ್ಲಿ ನಮ್ಮ ಹೆಣ್ಣುಮಕ್ಕಳ ಜೀವಕೋಶಗಳೇನೂ ಬದಲಾಗಿರಲಿಲ್ಲ. ಮುಟ್ಟು ನಿಂತವರಲ್ಲಿ ಹಾರ್ಮೋನೇ ಇರುವುದಿಲ್ಲ, ಗ್ರಾಹಕ ಹುಡುಕಿ ಪ್ರಯೋಜನವೇನು ಎಂಬ ಮಾತು ಇನ್ನೂ ದುರ್ಬಲ. ಅಂಡಾಶಯ ಸುಮ್ಮನಾದ ಮೇಲೂ ಸ್ತನದ ಕೊಬ್ಬಿನಲ್ಲಿ ಅರೋಮಟೇಸ್ ಕಿಣ್ವ ಈಸ್ಟ್ರೋಜೆನ್ ತಯಾರಿಸುತ್ತಲೇ ಇರುತ್ತದೆ. ಗೆಡ್ಡೆ ಸ್ರವಿಸುವ ಪ್ರೊಸ್ಟಗ್ಲಾಂಡಿನ್ ಅದರ ಜೀನಿನ ಬೇರೊಂದು ಪ್ರವರ್ತಕವನ್ನು ಎಬ್ಬಿಸಿ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಲೆಟ್ರೊಜೋಲ್ ಎಂಬ ಔಷಧಿ ತಡೆಯುವುದು ಈ ಕಿಣ್ವವನ್ನೇ.

ಪರೀಕ್ಷೆಯ ಗೊಡವೆಯೇ ಬೇಡ, ಎಲ್ಲರಿಗೂ ಟ್ಯಾಮಾಕ್ಸಿಫೆನ್ ಕೊಡೋಣ ಎನ್ನುವುದೂ ಒಪ್ಪತಕ್ಕದ್ದಲ್ಲ. ಗ್ರಾಹಕವಿಲ್ಲದವರಿಗೆ ಲಾಭವಿಲ್ಲ, ರಕ್ತ ಹೆಪ್ಪುಗಟ್ಟುವ, ಗರ್ಭಕೋಶದ ಕ್ಯಾನ್ಸರಿನ ಅಪಾಯ ಮಾತ್ರ ಉಳಿಯುತ್ತದೆ. ಸಂಶಯ ಎಲ್ಲಿ ಪಡಬೇಕೆಂದು ಜೀನಿನ ನಿಯಂತ್ರಣವೇ ತೋರಿಸಿಕೊಡುತ್ತದೆ. ಪ್ರೊಜೆಸ್ಟರಾನ್ ಗ್ರಾಹಕದ ಜೀನನ್ನು ಚಾಲೂ ಮಾಡುವುದು ಬಹುಮಟ್ಟಿಗೆ ಈಸ್ಟ್ರೋಜೆನ್ ಗ್ರಾಹಕವೇ. ಹಾಗಿರುವಾಗ ಈಸ್ಟ್ರೋಜೆನ್ ಗ್ರಾಹಕ ಇಲ್ಲ, ಪ್ರೊಜೆಸ್ಟರಾನ್ ಗ್ರಾಹಕ ಇದೆ ಎನ್ನುವ ವರದಿ ಬಂದರೆ ಮರುಪರೀಕ್ಷೆ ಕೇಳಲೇಬೇಕು. ಅದೇ ಸ್ಲೈಡಿನಲ್ಲಿರುವ ಆರೋಗ್ಯವಂತ ಹಾಲಿನ ನಾಳಗಳಿಗೂ ಬಣ್ಣ ಹತ್ತಿಲ್ಲವೆಂದರೆ ಆ ಗೆಡ್ಡೆಯನ್ನು ನೆಗೆಟಿವ್ ಎಂದು ಬರೆಯುವ ಅಧಿಕಾರ ಯಾವ ಪ್ರಯೋಗಾಲಯಕ್ಕೂ ಇಲ್ಲ. ಅಕ್ಕಲಕೋಟೆಯ ಹಳ್ಳಿಯಿಂದ ಬಂದವಳ ಗೆಡ್ಡೆ ತೆಗೆದದ್ದು ಎಷ್ಟು ಗಂಟೆಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ ಎಂದು ಚೀಟಿಯ ಮೇಲೆ ಬರೆಯಲು ಪೆನ್ನೊಂದು ಸಾಕು. ಬಡ ಆಸ್ಪತ್ರೆಗೆ ಅದು ದುಬಾರಿಯಲ್ಲ.