ಅಣ್ಣ ಹೋದ, ತಮ್ಮ ಉಳಿದ

ಅಮೆರಿಕದಲ್ಲಿ ವಂಶಾವಳಿ ಹುಡುಕುವುದು ಲಕ್ಷಾಂತರ ಜನರ ಹವ್ಯಾಸ. ಹಿರಿಯರು ಎಲ್ಲಿ ಹುಟ್ಟಿದರು, ಯಾರನ್ನು ಮದುವೆಯಾದರು, ಯಾವ ಸ್ಮಶಾನದಲ್ಲಿ ಮಲಗಿದ್ದಾರೆ ಎಂಬುದಕ್ಕೆ, ಅದರಲ್ಲೂ ನ್ಯೂ ಇಂಗ್ಲೆಂಡಿನ ಊರುಗಳಲ್ಲಿ, ದಾಖಲೆ ಸಿಕ್ಕಿಬಿಡುತ್ತದೆ. ತೊಡಕು ಶುರುವಾಗುವುದು ಮ್ಯಾಸಚೂಸೆಟ್ಸಿನ ಒಂದು ಹಳ್ಳಿಯ ಲೆಕ್ಕದಿಂದ ಮಾಯವಾದ ರೈತ ಹತ್ತು ವರ್ಷದ ಮೇಲೆ ವರ್ಮಾಂಟಿನಲ್ಲೋ ಮೇನ್‌ನಲ್ಲೋ ಪ್ರತ್ಯಕ್ಷನಾದಾಗ. ಏಕೆ ಹೋದ? ಕುಟುಂಬ ಚರಿತ್ರೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಒಳ್ಳೆಯ ಜಮೀನು ಹುಡುಕಿಕೊಂಡು. ಹೋದದ್ದು 1816ರ ಆಸುಪಾಸಿನಲ್ಲಾದರೆ ಇನ್ನೂ ಸಲೀಸು. ಜೂನ್ ತಿಂಗಳಲ್ಲಿ ಹಿಮ ಬಿದ್ದು ಬೆಳೆ ಸುಟ್ಟುಹೋದ, 'ಬೇಸಿಗೆಯಿಲ್ಲದ ವರ್ಷ' ಎಂದೇ ಹೆಸರಾದ ಆ ವರ್ಷದ ಮೇಲೆ ಎಲ್ಲ ಭಾರವನ್ನೂ ಹೊರಿಸಿಬಿಡುತ್ತಾರೆ.

ಇವು ಸುಳ್ಳು ಅನ್ನುವಂತಿಲ್ಲ. ಆದರೆ ಅದೇ ಹಿಮ ಹೋದವನ ತಮ್ಮನ ಹೊಲದ ಮೇಲೂ ಬಿದ್ದಿತ್ತು, ಅವನು ಅಲ್ಲೇ ಉಳಿದ. ಉಳಿದವನಿಗೂ ಅಷ್ಟೇ ಒಪ್ಪುವ ಕಾರಣ ಹೋದವನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಲ್ ಬ್ಯಾರನ್ ತಮ್ಮ 'ದೋಸ್ ಹೂ ಸ್ಟೇಯ್ಡ್ ಬಿಹೈಂಡ್' (1984) ಕೃತಿಯಲ್ಲಿ ವರ್ಮಾಂಟಿನ ಚೆಲ್ಸಿ ಎಂಬ ಊರಿನಲ್ಲಿ ಉಳಿದುಕೊಂಡವರನ್ನೇ ಅಧ್ಯಯನ ಮಾಡಿದರು. ವಂಶಾವಳಿಯವರು ಆ ಕಡೆ ಕಣ್ಣು ಹಾಯಿಸುವುದು ಕಡಿಮೆ. ತಮ್ಮ ನೇರ ಅಜ್ಜ ಸಿಕ್ಕಿದ ಮೇಲೆ ಅಜ್ಜನ ತಮ್ಮ ಯಾರಿಗೆ ಬೇಕು?

ಅಣ್ಣತಮ್ಮಂದಿರ ನಡುವಿನ ಲೆಕ್ಕವನ್ನು ಬಿಡಿಸಿದ್ದು ಫಿಲಿಪ್ ಗ್ರೆವನ್. 1970ರಲ್ಲಿ ಬಂದ 'ಫೋರ್ ಜನರೇಶನ್ಸ್' ಮ್ಯಾಸಚೂಸೆಟ್ಸಿನ ಆಂಡೋವರ್ ಎಂಬ ಒಂದೇ ಊರಿನ ನಾಲ್ಕು ತಲೆಮಾರುಗಳ ಕಥೆ. ಮೊದಲ ತಲೆಮಾರಿನವರಿಗೆ ಭೂಮಿ ಧಾರಾಳವಾಗಿತ್ತು. ಮದುವೆಯಾದ ಮಗನಿಗೆ ಉಳುಮೆಗೆ ಕೊಟ್ಟರೂ ಅಪ್ಪ ಸಾಯುವ ತನಕ ಹೊಲವನ್ನು ಅವನ ಹೆಸರಿಗೆ ಬರೆದುಕೊಡುತ್ತಿರಲಿಲ್ಲ, ಆ ಹಿಡಿತದಿಂದಲೇ ಮಕ್ಕಳು ಊರಲ್ಲಿ ಉಳಿದರು. ಮೂರನೆಯ, ನಾಲ್ಕನೆಯ ತಲೆಮಾರಿಗೆ ಪಾಲು ಹಂಚಲು ಮಿಕ್ಕದ್ದು ಕಡಿಮೆ; ಮಕ್ಕಳು ಬೇರೆ ಊರು ನೋಡಿಕೊಂಡರು. ಊರು ಬಿಟ್ಟವನ ಕಾರಣವನ್ನು ಅವನು ಸೇರಿದ ಊರಿನಲ್ಲಲ್ಲ, ಅಪ್ಪನ ಮರಣಪತ್ರದಲ್ಲಿ ಹುಡುಕಬೇಕು ಎಂಬ ಪಾಠ ಇಲ್ಲಿ ಸಿಗುತ್ತದೆ. ಅಂಕಿ ಅಂಶಗಳಿಂದಾಗಿ ಪುಸ್ತಕ ಓದಲು ನೀರಸ, ಹೆಂಗಸರಂತೂ ಬದಿಗೆ ಸರಿದಿದ್ದಾರೆ.

ದಾಖಲೆಗಳ ಜಾಯಮಾನವೇ ಹಾಗೆ. 1790ರಿಂದ 1840ರವರೆಗಿನ ಜನಗಣತಿಯಲ್ಲಿ ಇರುವುದು ಮನೆ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ಸಂಖ್ಯೆ. ಮನೆಮಂದಿಯ ಹೆಸರು ಬರೆಯಲು ಶುರುವಾದದ್ದು 1850ರಲ್ಲಿ. ಹೊಲ ಮಾರಿದ ಕ್ರಯಪತ್ರದಲ್ಲಿ ಹೆಂಡತಿ ಕಾಣಿಸುವುದು ಕೊನೆಯಲ್ಲಿ, ವಿಧವೆಯಾದರೆ ತನಗೆ ಬರಬೇಕಾದ ಮೂರನೇ ಒಂದು ಪಾಲನ್ನು ಬಿಟ್ಟುಕೊಡುವಾಗ. ಎಷ್ಟೋ ಸಲ ಸಹಿಯ ಜಾಗದಲ್ಲಿ ಒಂದು ಗೀಟು. ಇದಕ್ಕಿಂತ ವಿಚಿತ್ರವಾದದ್ದು 'ವಾರ್ನಿಂಗ್ ಔಟ್' ಕಾಗದ. ಹೊಸದಾಗಿ ಬಂದವರು ಮುಂದೆ ಬಡವರಾದರೆ ಸಾಕುವ ಹೊಣೆ ತಮ್ಮ ತಲೆಗೆ ಬಂದೀತೆಂದು ಊರಿನ ಮುಖಂಡರು ಕಾನ್‌ಸ್ಟೇಬಲ್ ಕೈಯಲ್ಲಿ ಕಳಿಸುತ್ತಿದ್ದ ನೋಟಿಸು ಅದು. ಬಹಳಷ್ಟು ಸಲ ಯಾರನ್ನೂ ನಿಜವಾಗಿ ಹೊರಗಟ್ಟುತ್ತಿರಲಿಲ್ಲ. ಆದರೆ ಗಂಡ, ಹೆಂಡತಿ, ಮಕ್ಕಳು, ಇವರು ಇಂಥ ಊರಿನಿಂದ ಬಂದವರು ಎಂಬ ವಿವರ ಅದರಲ್ಲಿ ಇರುತ್ತಿತ್ತು. ಹಿಂದಿನ ಊರಿನ ಹೆಸರು ಬೇರೆಲ್ಲೂ ಸಿಗದೆ ಇದರಲ್ಲಿ ಸಿಗುವುದುಂಟು. ಆದರೂ ಈ ಯಾವ ಕಾಗದವೂ 'ಏಕೆ' ಎಂದು ಕೇಳಿದ್ದಲ್ಲ.

ಹಾಗಾದರೆ ಆ ಮನೆಯವರೇ ದಿನಚರಿ ಬರೆದಿಟ್ಟಿದ್ದರೆ? ಲಾರೆಲ್ ಥ್ಯಾಚರ್ ಉಲ್ರಿಕ್ ಅವರ 'ಎ ಮಿಡ್‌ವೈಫ್ಸ್ ಟೇಲ್' (1990, ಮರುವರ್ಷ ಪುಲಿಟ್ಜರ್) ನನಗೆ ಮುಖ್ಯವಾಗುವುದು ಇಲ್ಲಿ. ಮಾರ್ಥಾ ಬಲ್ಲಾರ್ಡ್ ಮ್ಯಾಸಚೂಸೆಟ್ಸಿನ ಆಕ್ಸ್‌ಫರ್ಡಿನವಳು. ಗಂಡ ಎಫ್ರೇಮ್ ಗಿರಣಿಯವನು, ಭೂಮಾಪಕ. 1777ರಲ್ಲಿ ಅವಳು ಮೇನ್‌ನ ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್‌ಗೆ ಬಂದಳು. ಸೂಲಗಿತ್ತಿಯಾಗಿ 816 ಹೆರಿಗೆ ಮಾಡಿಸಿದ ಲೆಕ್ಕ ಅವಳ ದಿನಚರಿಯಲ್ಲಿದೆ. ಅದು ಶುರುವಾಗುವುದು ಮಾತ್ರ 1785ರಲ್ಲಿ, ಊರು ಬಿಟ್ಟು ಎಂಟು ವರ್ಷವಾದ ಮೇಲೆ. 27 ವರ್ಷ ಬಿಡದೆ ಬರೆದವಳ ಪುಸ್ತಕ ಇದ್ದೂ, ಹೊರಟ ದಿನದ ಮಾತು ಆ ದಿನವೇ ಬರೆದದ್ದು ಇಲ್ಲ.

1769ರ ಬೇಸಿಗೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಗಂಟಲಮಾರಿ ಹಬ್ಬಿ ಈ ದಂಪತಿಯ ಮೂವರು ಹೆಣ್ಣುಮಕ್ಕಳು ಮೂರು ವಾರದೊಳಗೆ ಸತ್ತರು. ಹವ್ಯಾಸಿ ಚರಿತ್ರೆಕಾರನ ಕೈಗೆ ಇದು ಸಿಕ್ಕಿದ್ದರೆ, ದುಃಖ ತಾಳಲಾರದೆ ಊರು ಬಿಟ್ಟರು ಎಂದು ಒಂದೇ ಏಟಿಗೆ ಬರೆದು ಮುಗಿಸುತ್ತಿದ್ದ. ನಡುವೆ ಕಳೆದ ಎಂಟು ವರ್ಷ ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಉಲ್ರಿಕ್ ಆ ಸಾವುಗಳಿಗೆ ಪೂರ್ತಿ ತೂಕ ಕೊಡುತ್ತಾರೆ, ವಲಸೆಯ ಕೀಲಿಕೈ ಮಾಡುವುದಿಲ್ಲ. ಮಾರ್ಥಾಳಿಗಿಂತ ಎರಡು ವರ್ಷ ಮೊದಲೇ ಎಫ್ರೇಮ್ ಉತ್ತರಕ್ಕೆ ಹೋದದ್ದು, ಕೆನೆಬೆಕ್ ಭೂಮಾಲೀಕರಿಗೆ ಅಳತೆಗಾರರು ಬೇಕಾಗಿದ್ದದ್ದು, ಹ್ಯಾಲೊವೆಲ್‌ನಲ್ಲಿ ಬ್ರಿಟಿಷ್ ಪಕ್ಷಪಾತಿಯೊಬ್ಬನ ಗಿರಣಿಗಳು ಗೇಣಿಗೆ ಸಿಕ್ಕಿದ್ದು ಒಟ್ಟಿಗೆ ಓದಿದಾಗ ಹೊರಡುವಿಕೆ ಹಂತಹಂತವಾಗಿ ನಡೆದದ್ದೆಂದು ಕಾಣುತ್ತದೆ. ಆಮೇಲೂ ಅವರು ಒಂದೆಡೆ ನಿಲ್ಲಲಿಲ್ಲ. 1791ರಲ್ಲಿ ಗಿರಣಿ ಬಿಟ್ಟು ಬೇರೊಂದು ಹೊಲಮನೆಗೆ, 1799ರಲ್ಲಿ ಮಗನ ಜಮೀನಿಗೆ. ಜನಗಣತಿಯನ್ನಷ್ಟೇ ನೋಡುವವನಿಗೆ ಇದೆಲ್ಲ ಒಂದೇ ಸೀಮೆಯಲ್ಲಿ ನೆಲೆನಿಂತ ಸಂಸಾರ.

ನನ್ನ ತಕರಾರೂ ಇದೆ. ಊರು ಬಿಟ್ಟ ಕಥೆಗೆ ಬಂದಾಗ ಉಲ್ರಿಕ್ ಆಧರಿಸುವುದು ಎಫ್ರೇಮ್‌ನ ಕಾಗದಗಳನ್ನೇ. ಇಡೀ ಪುಸ್ತಕ ಹೆಂಗಸಿನ ಬರಹ ಎಷ್ಟು ಹೇಳಬಲ್ಲದು ಎಂದು ವಾದಿಸಿದರೂ ಈ ಒಂದು ವಿಷಯದಲ್ಲಿ ಮಾತು ಗಂಡನ ಕಡೆಗೇ ವಾಲುತ್ತದೆ. ಬೇರೆ ದಾರಿ ಇರಲಿಲ್ಲವೇನೋ. ಇಂಥ ದಿನಚರಿಯಂತೂ ಸಾವಿರ ಮನೆಗಳಲ್ಲಿ ಒಂದಕ್ಕೂ ಇಲ್ಲ, ಆದ್ದರಿಂದ ಪುಸ್ತಕವನ್ನೇ ಮಾದರಿಯಾಗಿ ಹಿಡಿದವನು ಸೋಲುತ್ತಾನೆ. ಅನುಕರಿಸಬಹುದಾದದ್ದು ಅದರ ವಿಧಾನ: ಗೇಣಿ, ಸಾಲ, ಮಾಲೀಕ, ಜೊತೆಗೆ ಹೊರಟ ನೆಂಟರು, ನೆರೆಯವರು, ಎಲ್ಲವನ್ನೂ ವರ್ಷವಾರು ಅಕ್ಕಪಕ್ಕ ಇಟ್ಟು ನೋಡುವುದು. ವಂಶಶಾಸ್ತ್ರಜ್ಞೆ ಎಲಿಜಬೆತ್ ಶೋನ್ ಮಿಲ್ಸ್ ಕೂಡ ಬಂಧು, ಸಂಗಾತಿ, ನೆರೆಹೊರೆ ಮೂವರನ್ನೂ ಒಟ್ಟಿಗೆ ಹುಡುಕಿ ಎಂದು ಕಲಿಸುತ್ತಾ ಬಂದಿದ್ದಾರೆ. ಅಂತರ್ಜಾಲದ ವಂಶವೃಕ್ಷಗಳು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ಒಂದೇ ಹೆಸರಿನ ಇಬ್ಬರು ರೈತರನ್ನು ಒಬ್ಬನನ್ನಾಗಿ ಬೆಸೆದು, ಎಂದೂ ನಡೆಯದ ಪ್ರಯಾಣಕ್ಕೆ ಕಾರಣವನ್ನೂ ಹೊಂದಿಸಿಕೊಡುತ್ತವೆ.