ಬಿಸಿಯೇರಿದರೆ ಇಲಿ ಕುಗ್ಗುವುದೇ? – ಒಂದು ನಿಯಮದ ವಿಮರ್ಶೆ

ಒಂದೇ ಬಳಗದ ಪ್ರಾಣಿಗಳಲ್ಲಿ ಶೀತವಲಯದವು ದೊಡ್ಡವು, ಉಷ್ಣವಲಯದವು ಚಿಕ್ಕವು ಎಂಬುದು 1847ರಲ್ಲಿ ಜರ್ಮನಿಯ ಕಾರ್ಲ್ ಬರ್ಗ್‌ಮನ್ ಮುಂದಿಟ್ಟ ನಿಯಮ. ನೀವು ಇದನ್ನು ಓದಿರುತ್ತೀರಿ, ಇಲ್ಲವೇ ಪಾಠ ಮಾಡಿರುತ್ತೀರಿ. ಭೂಮಿ ಬಿಸಿಯಾದಂತೆ ಮರುಭೂಮಿಯ ಇಲಿ, ಹೆಗ್ಗಣಗಳ ಮೈಯೂ ಕುಗ್ಗುತ್ತದೆ ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಈ ತೀರ್ಮಾನ ಎಷ್ಟು ಗಟ್ಟಿ?

ವಿವರಣೆ ಸರಳವಾಗಿದೆ. 1 ಸೆಂ.ಮೀ. ಬದಿಯ ಘನದಲ್ಲಿ ಮೇಲ್ಮೈ ಮತ್ತು ಗಾತ್ರದ ಅನುಪಾತ 6. ಬದಿ 2 ಸೆಂ.ಮೀ. ಆದರೆ ಅನುಪಾತ 3. ಆದ್ದರಿಂದ ಚಿಕ್ಕ ದೇಹ ಬೇಗ ತಣಿಯುತ್ತದೆ. ಗಣಿತ ಸರಿ, ಆದರೆ ಭೌತವಿಜ್ಞಾನ ಅರ್ಧಕ್ಕೇ ನಿಂತಿದೆ. ಶಾಖ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ. ಗಾಳಿಯ ಉಷ್ಣತೆ ದೇಹದ ಉಷ್ಣತೆಯನ್ನು ದಾಟಿದರೆ ಅದೇ ಮೇಲ್ಮೈ ಶಾಖವನ್ನು ಒಳಗೆಳೆಯುತ್ತದೆ. ಆಗ ಚಿಕ್ಕ ಪ್ರಾಣಿಯೇ ಬೇಗ ಕಾಯುತ್ತದೆ. ಉಳಿಯುವ ದಾರಿ ನೀರನ್ನು ಆವಿ ಮಾಡುವುದೊಂದೇ. 1 ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. 150 ಗ್ರಾಂ ತೂಕದ ಇಲಿಯ ಮೈಯನ್ನು 4-5 ಡಿಗ್ರಿ ತಣಿಸಲು ಇಷ್ಟು ಸಾಕು. ಆದರೆ ಮರುಭೂಮಿಯಲ್ಲಿ ಆ ಒಂದು ಗ್ರಾಂ ನೀರೇ ದುಬಾರಿ.

ಹಾಗೆಂದು ನಿಯಮವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಫೆಲಿಸಾ ಸ್ಮಿತ್ ಮತ್ತು ಸಂಗಡಿಗರು 1995ರಲ್ಲಿ ವುಡ್‌ರ್‍ಯಾಟ್ ಇಲಿಗಳ ಹಳೆಯ ಹಿಕ್ಕೆಗಳನ್ನು ಅಳೆದು, ಕಳೆದ 25,000 ವರ್ಷಗಳಲ್ಲಿ ಬಿಸಿ ಹೆಚ್ಚಿದಾಗ ಇವುಗಳ ಮೈ ಚಿಕ್ಕದಾಯಿತೆಂದು ತೋರಿಸಿದರು. ಕಂಡದ್ದು ನಿಜ, ಪ್ರಶ್ನೆಯಿರುವುದು ಕಾರಣದ ಬಗ್ಗೆ ಮತ್ತು ಎಲ್ಲ ಪ್ರಾಣಿಗಳಿಗೂ ಅನ್ವಯಿಸುವ ಅವಸರದ ಬಗ್ಗೆ.

2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ರಿಡೆಲ್ ಮತ್ತು ಸಂಗಡಿಗರ ವರದಿ ಇನ್ನೊಂದು ಮುಖ ತೋರಿಸಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜೋಸೆಫ್ ಗ್ರಿನೆಲ್ ತಂಡ ಸಮೀಕ್ಷೆ ಮಾಡಿದ್ದ ಮೊಹಾವೆ ಮರುಭೂಮಿಯ ತಾಣಗಳನ್ನು ಮತ್ತೆ ನೋಡಿದಾಗ ಹಕ್ಕಿಗಳ ಪ್ರಭೇದಗಳು ಬಹಳ ಕುಸಿದಿದ್ದವು. ಸಣ್ಣ ಸ್ತನಿಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಬಿಲ ಮತ್ತು ರಾತ್ರಿ ಸಂಚಾರ ಅವುಗಳನ್ನು ಕಾಯ್ದಿದ್ದವು. ಇದು ಒಳ್ಳೆಯ ಕೆಲಸ. ಆದರೆ ಪ್ರಭೇದಗಳು ಉಳಿದಿವೆ ಎಂದ ಮಾತ್ರಕ್ಕೆ ಅವುಗಳ ಮೈ ಬದಲಾಗಿಲ್ಲ ಎಂದಾಗುವುದಿಲ್ಲ. ಎಣಿಕೆ ಬೇರೆ, ತೂಕ ಬೇರೆ.

ಬಿಲದ ರಕ್ಷಣೆಗೂ ಮಿತಿಯಿದೆ. ಸಾಧಾರಣ ಮಣ್ಣಿನಲ್ಲಿ ಹಗಲಿರುಳಿನ ಉಷ್ಣತೆಯ ಏರಿಳಿತ ಸುಮಾರು 12 ಸೆಂ.ಮೀ.ಗೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲೆ 30 ಡಿಗ್ರಿ ಏರಿಳಿತವಿದ್ದರೆ ಅರ್ಧ ಮೀಟರ್ ಆಳದಲ್ಲಿ ಅದು ಅರ್ಧ ಡಿಗ್ರಿಗೂ ಕಡಿಮೆ. ಆದರೆ ವಾರ್ಷಿಕ ಏರಿಳಿತ ಇದರ ಸುಮಾರು 19 ಪಟ್ಟು ಆಳಕ್ಕೆ ಇಳಿಯುತ್ತದೆ. ಹಲವು ದಶಕಗಳ ನಿಧಾನವಾದ ಬಿಸಿಯೇರಿಕೆಯಂತೂ ಬಿಲದೊಳಕ್ಕೆ ಪೂರ್ತಿ ತಲುಪುತ್ತದೆ. ಬಿಲ ಮಧ್ಯಾಹ್ನವನ್ನು ತಡೆಯುತ್ತದೆ, ಶತಮಾನವನ್ನಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳು ಮರುಭೂಮಿಯಲ್ಲ, ನಿಜ. ಆದರೆ ಬಾಲದ ತುದಿಯಲ್ಲಿ ಕುಚ್ಚಿರುವ, ಬಿಲದಲ್ಲಿ ಹಗಲು ಕಳೆಯುವ ಗರ್ಬಿಲ್ ಇಲಿ (ಟಟೇರ ಇಂಡಿಕ) ಥಾರ್ ಮರುಭೂಮಿಯಲ್ಲೂ ಇದೆ, ಕರ್ನಾಟಕದ ಒಣಬೇಸಾಯದ ಹೊಲಗಳಲ್ಲೂ ಇದೆ. ಈ ನಾಲ್ಕು ತಾಲ್ಲೂಕುಗಳ ಯಾವುದೋ ಶಾಲೆಯ ವಿದ್ಯಾರ್ಥಿ ನಾಳೆ 'ನಮ್ಮೂರ ಇಲಿಗಳು ಕುಗ್ಗುತ್ತಿವೆ' ಎಂದು ಪ್ರಾಜೆಕ್ಟ್ ಬರೆದರೆ, ಯಾವ ಇಲಿ, ಯಾವ ವರ್ಷದ ತೂಕಕ್ಕೆ ಹೋಲಿಸಿದೆ ಎಂದು ಮೊದಲು ಕೇಳಿ. ಹೊಗೆಸೊಪ್ಪಿನ ಹೊಲ ಗದ್ದೆಯಾದರೆ, ಗದ್ದೆಗೆ ನಾಲೆಯ ನೀರು ಬಂದರೆ ಇಲಿಯ ಆಹಾರವೂ ಬದಲಾಗುತ್ತದೆ. ಆಹಾರ ಬದಲಾದರೆ ಮೈಯೂ ಬದಲಾಗುತ್ತದೆ. ಅದೆಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ತಪ್ಪು.

ಇಲಿ ಹಿಡಿಯುವುದು ಬೇಡ. ಅವುಗಳಿಂದ ರೋಗ ಹರಡಬಹುದು. ಉಷ್ಣತಾಮಾಪಕ ಹಿಡಿಯಿರಿ. ಹುಣಸೂರಿನ ಒಂದು ರಾಗಿ ಹೊಲದಲ್ಲಿ, ಕೆ.ಆರ್.ನಗರದ ಒಂದು ನೀರಾವರಿ ಗದ್ದೆಯ ಬದುವಿನಲ್ಲಿ 5, 20, 50 ಸೆಂ.ಮೀ. ಆಳದ ಉಷ್ಣತೆಯನ್ನು ವರ್ಷವಿಡೀ ದಾಖಲಿಸಿ, ಪುಸ್ತಕವನ್ನು ಶಾಲೆಯಲ್ಲೇ ಕಾಪಾಡಿ. ಮೊಹಾವೆಯಲ್ಲಿ ಹೋಲಿಕೆ ಸಾಧ್ಯವಾದದ್ದು ಹಿಂದಿನವರು ಬರೆದಿಟ್ಟದ್ದರಿಂದ. ನಮ್ಮ ಮುಂದಿನವರಿಗೆ ಬರೆದಿಡಬೇಕಾದವರು ನಾವು.