‘ಪ್ರಮಾಣ’ ಶಬ್ದವೂ ಟರ್ಬೋಚಾರ್ಜರಿನ ಆಯ್ಕೆಯೂ

ವಿಮರ್ಶೆಗೆ ಎತ್ತಿಕೊಂಡ ಕೃತಿಯು ಹದಿನಾಲ್ಕು ಪುಟಗಳ ಒಂದು ಕೈಬರಹ. ಅದು ಅಚ್ಚಾಗಿಲ್ಲ. ನಿಪ್ಪಾಣಿಯ ಒಂದು ಗ್ಯಾರೇಜಿನ ಗೋಡೆಯ ಮೊಳೆಗೆ ತೂಗಿಕೊಂಡಿದ್ದು, ಎಣ್ಣೆಗೈಗಳ ಗುರುತಿನಿಂದ ಅರ್ಧ ಅಳಿಸಿಹೋಗಿದೆ. ‘ಟರ್ಬೋಚಾರ್ಜರನ್ನು ಆರಿಸುವ ಕ್ರಮ’ ಎಂದು ಅದರ ಹೆಸರು. ಭಾಷಾಂತರಕಾರನು ಈ ಲೇಖಕನೇ. ತನ್ನ ಕೃತಿಯನ್ನು ತಾನೇ ವಿಮರ್ಶಿಸುವದು ಸಂಪ್ರದಾಯವಲ್ಲವೆಂದು ಬಲ್ಲೆನು. ಆದರೆ ಅದರೊಳಗಿನ ಒಂದು ಶಬ್ದದ ದೆಸೆಯಿಂದ ಒಂದು ಎಂಜಿನು ಒಡೆದಿರುವದು. ಹೀಗಿರಲು ಇನ್ನೊಬ್ಬರು ತಪ್ಪು ತೋರಿಸುವ ವರೆಗೆ ಕಾಯುವದು ಉಚಿತವಾಗಿ ತೋರಲಿಲ್ಲ.

ನಡೆದ ಸಂಗತಿ ಇಷ್ಟು. ಗ್ಯಾರೇಜು ನನ್ನ ಸೋದರಳಿಯನದು. ಅಲ್ಲಿ ದುಡಿಯುವ ಹುಡುಗರು ಚಿಕ್ಕೋಡಿ, ರಾಯಬಾಗಗಳ ಕಡೆಯವರು. ಕನ್ನಡ ಓದಬಲ್ಲರು, ಮರಾಠಿ ಆಡಬಲ್ಲರು, ಇಂಗ್ಲಿಷಿನ ಕೋಷ್ಟಕಗಳನ್ನು ಕಂಡರೆ ಹಿಂಜರಿಯುವರು. ಅವರ ಸಲುವಾಗಿ ಒಂದು ಇಂಗ್ಲಿಷ್ ಕೈಪಿಡಿಯನ್ನು ಅಳಿಯನು ಓದಿ ಅರ್ಥ ಹೇಳಿದನು, ನಾನು ಕನ್ನಡಿಸಿದೆನು. ಮುಂದೆ ಅವರು ಪಂದ್ಯಕ್ಕೆಂದೇ ಬದಿಗಿಟ್ಟ 1200 ಘನ ಸೆಂಟಿಮೀಟರಿನ ಒಂದು ಪೆಟ್ರೋಲ್ ಕಾರಿಗೆ ಟರ್ಬೋಚಾರ್ಜರನ್ನು ಕೂಡಿಸಿದರು. (ರಸ್ತೆಯ ಮೇಲೆ ಓಡುವ ವಾಹನಕ್ಕೆ ಮನಸ್ಸಿಗೆ ಬಂದಂತೆ ಇಂಥ ಮಾರ್ಪಾಡು ಮಾಡಲು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುವದಿಲ್ಲ.) ನನ್ನ ಬರಹದಲ್ಲಿ ‘ಒತ್ತಡದ ಪ್ರಮಾಣ 1.8’ ಎಂದಿತ್ತು. ಮಿಸ್ತ್ರಿಯು ಒತ್ತಡಮಾಪಕದ ಸೂಜಿಯನ್ನು 1.8 ಬಾರಿಗೆ ತರಲು ಹೊರಟನು. ಸೂಜಿ 1.4 ದಾಟುವಷ್ಟರಲ್ಲಿಯೇ ಎಂಜಿನಿನೊಳಗಿಂದ ಕಲ್ಲು ಕುಟ್ಟಿದಂಥ ಸದ್ದು ಎದ್ದಿತು. ಎರಡನೆಯ ಪಿಸ್ಟನ್ನಿನ ಅಂಚು ಒಡೆದು ಚೂರುಗಳು ಎಣ್ಣೆಯೊಡನೆ ಕೆಳಗಿಳಿದವು. “ಮಾಮಾ, ನೀವು ಬರದದ್ದನ್ನ ನೋಡೇ ಸೂಜಿ ಇಟ್ಟಾರ್ರಿ” ಎಂದು ಅಳಿಯನು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಎಲ್ಲಿ ಎಂಬುದನ್ನು ತಿಳಿಯಬೇಕಾದರೆ ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ಪ್ರಾಣಾಯಾಮವನ್ನು ಬಲ್ಲವರಿಗೆ ಇದು ಕಠಿಣವಲ್ಲ. ಎಂಜಿನು ಗಾಳಿಯನ್ನು ಒಳಗೆಳೆಯುವದು ಪೂರಕ, ಒತ್ತಿ ಹಿಡಿಯುವದು ಕುಂಭಕ, ಉರಿದ ಹೊಗೆಯನ್ನು ಹೊರಗೆ ಬಿಡುವದು ರೇಚಕ. ರೇಚಕದಲ್ಲಿ ಪೋಲಾಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಪೂರಕಕ್ಕೆ ಕೊಡುವದೇ ಟರ್ಬೋಚಾರ್ಜರಿನ ಕೆಲಸ. ಕಮ್ಮಾರನ ತಿದಿಯನ್ನು ಕುಲುಮೆಯ ಹೊಗೆಯೇ ಊದಿದಂತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಶಿಲ್ಪಜ್ಞನು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ‘ಟರ್ಬೋ’ ಎಂಬುದು ಲ್ಯಾಟಿನ್ ಶಬ್ದ. ಸುಳಿಗಾಳಿ ಎಂದೂ ಹುಡುಗರಾಡುವ ಬುಗುರಿ ಎಂದೂ ಅದಕ್ಕೆ ಅರ್ಥ. ಅದರಿಂದಲೇ ಫ್ರೆಂಚ್ ವಿದ್ವಾಂಸ ಬ್ಯೂರ್ದ್ಯಾಂ 1822ರಲ್ಲಿ ‘ಟರ್ಬೈನ್’ ಎಂಬ ಹೆಸರನ್ನು ಕಟ್ಟಿದನು. ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ಮೀರುವ ಈ ಚಕ್ರಕ್ಕೆ ಬುಗುರಿಯೆಂಬ ಹೆಸರು ಒಪ್ಪುವದು. ‘ಚಾರ್ಜರ್’ ಎಂಬ ಉತ್ತರಪದವನ್ನು ಕೇಳಿದೊಡನೆ ನಮ್ಮವರಿಗೆ ಮೊಬೈಲಿನ ನೆನಪಾಗುವದು, ಅದಕ್ಕೆ ಉಪಾಯವಿಲ್ಲ.

ಇನ್ನು ದೋಷವಿಚಾರ. ಮೂಲದಲ್ಲಿದ್ದುದು, ಚಕ್ರದಿಂದ ಹೊರಬರುವ ಗಾಳಿಯ ಒತ್ತಡವನ್ನು ಒಳಹೋಗುವ ಗಾಳಿಯ ಒತ್ತಡದಿಂದ ಭಾಗಿಸಿ ಬಂದ ಸಂಖ್ಯೆ. ಅದು ಬಾರೂ ಅಲ್ಲ, ಮತ್ತಾವ ಮಾನವೂ ಅಲ್ಲ. ಕೇವಲ ಎಷ್ಟು ಪಟ್ಟು ಎಂಬುದು. ನಾನು ಅದಕ್ಕೆ ‘ಪ್ರಮಾಣ’ ಎಂದೆನು. ಕನ್ನಡದಲ್ಲಿ ಪ್ರಮಾಣವೆಂದರೆ ಅಳತೆಯೂ ಆಗುವದು, ಅನುಪಾತವೂ ಆಗುವದು, ಆಣೆಯೂ ಆಗುವದು. ನ್ಯಾಯಶಾಸ್ತ್ರದಲ್ಲಾದರೆ ಜ್ಞಾನಕ್ಕೆ ಸಾಧನವಾದದ್ದು. ಲೋಕವ್ಯವಹಾರದ ಸಡಿಲಿಕೆಯನ್ನು ಮುಂದೊಡ್ಡಿ ನಾನು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಲೀಲಾವತಿಯನ್ನು ಓದಿದವನಿಗೆ ಆ ದಾರಿಯಿಲ್ಲ. ತ್ರೈರಾಶಿಕದಲ್ಲಿ ಭಾಸ್ಕರಾಚಾರ್ಯನು ಪ್ರಮಾಣ, ಫಲ, ಇಚ್ಛಾ ಎಂಬ ಮೂರು ರಾಶಿಗಳನ್ನು ಹೇಳಿರುವನು. ಅಲ್ಲಿ ಪ್ರಮಾಣವೆಂಬುದು ತಾನೇ ಒಂದು ರಾಶಿ, ಎರಡು ರಾಶಿಗಳ ಸಂಬಂಧವಲ್ಲ. ಆ ಸಂಬಂಧವನ್ನು ಹಿಡಿದು ನಡೆಯುವ ಗಣಿತಕ್ಕೆ ಅನುಪಾತವೆಂಬ ಬೇರೆ ಹೆಸರೇ ಇದೆ. ಪ್ರಮಾಣವೆಂಬುದನ್ನು ರಾಶಿಯೆಂದು ತಿಳಿದು ಸೂಜಿಯಲ್ಲಿ ಹುಡುಕಿದ ಮಿಸ್ತ್ರಿಯು ಶಾಸ್ತ್ರಕ್ಕೆ ಸರಿಯಾಗಿ ನಡೆದನು. ಶಾಸ್ತ್ರ ಓದಿದವನು ತಪ್ಪಿದನು.

ಈ ತಪ್ಪಿನ ಬೆಲೆಯನ್ನು ಲೆಕ್ಕದಿಂದ ನೋಡೋಣ. ನಿಪ್ಪಾಣಿಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಹಜವಾದ ಒತ್ತಡ ಸುಮಾರು 0.94 ಬಾರು. ಅದರ 1.8 ಪಟ್ಟು ಎಂದರೆ ಸುಮಾರು 1.7 ಬಾರು. ಸೂಜಿಯು ಸಹಜ ಒತ್ತಡವನ್ನು ಸೊನ್ನೆಯೆಂದು ಹಿಡಿಯುವದರಿಂದ ಅದು ತೋರಿಸಬೇಕಾಗಿದ್ದುದು 0.75 ಮಾತ್ರ. ಕಾರವಾರದ ಕಡಲತಡಿಯಲ್ಲಾದರೆ ಅದೇ 1.8 ಪಟ್ಟಿಗೆ ಸೂಜಿ 0.81ರಲ್ಲಿ ನಿಲ್ಲುವದು. ಮಿಸ್ತ್ರಿಯು ಗುರಿಯಿಟ್ಟ 1.8 ಬಾರು ಸಿದ್ಧಿಸಿದ್ದರೆ ಪಟ್ಟು 2.9 ಆಗುತ್ತಿದ್ದಿತು, ಒತ್ತಲ್ಪಟ್ಟ ಗಾಳಿಯು ಚಕ್ರದಿಂದ ಹೊರಡುವಾಗಲೇ ಸುಮಾರು 200 ಡಿಗ್ರಿಗೆ ಕಾಯುತ್ತಿದ್ದಿತು. ಕಿಡಿಯಿಂದ ಹೊತ್ತಿದ ಉರಿ ಬಂದು ಮುಟ್ಟುವದಕ್ಕೆ ಮುಂಚೆ ತಾನೇ ಸಿಡಿಯುವ ಸ್ವಭಾವವು ಪೆಟ್ರೋಲಿಗೆ ಇಂಥ ಕಾವಿನಲ್ಲಿ ಬರುವದು. ಪಿಸ್ಟನ್ನಿಗೆ ಬಿದ್ದ ಪೆಟ್ಟು ಅದೇ.

1918ರಲ್ಲಿ ಅಮೇರಿಕೆಯ ಸ್ಯಾನ್‌ಫೋರ್ಡ್ ಮಾಸ್ ಎಂಬವನು ಸುಮಾರು 4300 ಮೀಟರು ಎತ್ತರದ ಪೈಕ್ಸ್ ಶಿಖರಕ್ಕೆ ಒಂದು ವಿಮಾನದ ಎಂಜಿನನ್ನು ಒಯ್ದು ಈ ಸಾಧನವನ್ನು ಪರೀಕ್ಷಿಸಿದನು. ಅಂಥ ಎತ್ತರದಲ್ಲಿ ಎಂಜಿನಿಗೆ ಕಡಲತಡಿಯ ಗಾಳಿಯಷ್ಟನ್ನೇ ಕೊಡಬೇಕಾದರೂ ಸುಮಾರು 1.7 ಪಟ್ಟು ಒತ್ತಬೇಕು. ಪಟ್ಟು ದೊಡ್ಡದು, ಸಿಕ್ಕ ಒತ್ತಡ ಸಾಧಾರಣ. ಇವೆರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ನನಗೆ ಸಿಗಲಿಲ್ಲ.

ಕೈಬರಹದ ಎರಡನೆಯ ದೋಷವು ಒತ್ತಡವನ್ನೂ ಗಾಳಿಯನ್ನೂ ಒಂದೇ ಎಂದು ಹಿಡಿದದ್ದು. ‘ಒತ್ತಡ ಹೆಚ್ಚಿದಷ್ಟೂ ಬಲ ಹೆಚ್ಚುವದು’ ಎಂದು ನಾಲ್ಕನೆಯ ಪುಟದಲ್ಲಿ ಬರೆದಿದ್ದೇನೆ. ಎಂಜಿನಿಗೆ ಬಲ ಕೊಡುವದು ಗಾಳಿಯ ತೂಕ. 35 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ, ನೂರಕ್ಕೆ 70 ದಕ್ಷತೆಯ ಚಕ್ರದಲ್ಲಿಯೂ, ಅದು ಸುಮಾರು 115 ಡಿಗ್ರಿಗೆ ಏರುವದು. ಕಾದ ಗಾಳಿ ಅರಳುವದರಿಂದ ತೂಕವು 1.8 ಪಟ್ಟಾಗದೆ 1.43 ಪಟ್ಟಿಗೆ ನಿಲ್ಲುವದು. ನಡುವೆ ಶೀತಕವನ್ನಿಟ್ಟು 55 ಡಿಗ್ರಿಗೆ ಇಳಿಸಿದರೆ 1.69 ಪಟ್ಟಿನ ಸಮೀಪಕ್ಕೆ ಬರುವದು. ಆದುದರಿಂದ ಆರಿಸುವವನು ಮೊದಲು ಕೇಳಬೇಕಾದದ್ದು ‘ಎಷ್ಟು ಒತ್ತಡ’ ಎಂದಲ್ಲ, ‘ನಿಮಿಷಕ್ಕೆ ಎಷ್ಟು ತೂಕದ ಗಾಳಿ’ ಎಂದು. ಪ್ರಸ್ತುತ ಕಾರಿಗೆ 5500 ಸುತ್ತಿನಲ್ಲಿ ಅದು ಸುಮಾರು 5.3 ಕಿಲೋಗ್ರಾಂ, 2000 ಸುತ್ತಿನಲ್ಲಿ 2 ಕಿಲೋಗ್ರಾಮಿಗೂ ಕಡಿಮೆ. ಈ ತೂಕವನ್ನು ಅಡ್ಡಗೆರೆಯಲ್ಲಿಯೂ ಪಟ್ಟನ್ನು ನಿಲುಗೆರೆಯಲ್ಲಿಯೂ ಗುರುತಿಸಿ, ತಯಾರಕರು ಕೊಡುವ ನಕ್ಷೆಯಲ್ಲಿ ಆ ಬಿಂದುಗಳು ಎಲ್ಲಿ ಬೀಳುವವೆಂದು ನೋಡಬೇಕು. ದಕ್ಷತೆಯ ನಡುಗಡ್ಡೆಗಳೊಳಗೆ ಬಿದ್ದರೆ ಒಳಿತು. ಬಲಕ್ಕೆ ಸರಿದರೆ ಚಕ್ರಕ್ಕೆ ಉಸಿರುಗಟ್ಟುವದು.

ಎಡಕ್ಕೆ ಸರಿದರೆ ಆಗುವ ವಿಕಾರಕ್ಕೆ ನಾನು ‘ಉಬ್ಬರ’ ಎಂದು ಬರೆದಿದ್ದೆನು. ಇದು ಇಂಗ್ಲಿಷ್ ಶಬ್ದದ ಹೊರಮೈಯನ್ನು ನೋಡಿ ಮಾಡಿದ ಅನುವಾದ. ಅಲ್ಲಿ ಉಬ್ಬುವದೇನೂ ಇಲ್ಲ. ಒತ್ತಿದ ಗಾಳಿಯು ಚಕ್ರದ ಕೈಮೀರಿ ಹಿಂದಕ್ಕೆ ನುಗ್ಗಿ, ಮತ್ತೆ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಡಿಯುವದು. ದೊಡ್ಡ ಗಾಳಿಚಕ್ರಕ್ಕೆ ಚಿಕ್ಕ ಹೊಗೆಚಕ್ರವನ್ನು ಜೋಡಿಸಿದಲ್ಲಿ ಇದು ವಿಶೇಷವಾಗಿ ಸಂಭವಿಸುವದು. ವಾಯುವು ತನ್ನ ದಾರಿಬಿಟ್ಟು ಮೇಲಕ್ಕೆ ತಿರುಗುವದನ್ನು ಆಯುರ್ವೇದವು ಉದಾವರ್ತವೆಂದು ಕರೆಯುವದು, ಲಕ್ಷಣವು ಸರಿಹೊಂದುವದು. ಆದರೆ ಗ್ಯಾರೇಜಿನ ಹುಡುಗರು ತಾವಾಗಿಯೇ ‘ತೇಗು’ ಎನ್ನುತ್ತಿದ್ದಾರೆ. ಅವರ ಶಬ್ದವೇ ನಿಲ್ಲಲಿ.

ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ತಗಲದಂತೆ ಹೊರಗೆ ಬಿಡುವ ಕದಕ್ಕೆ ‘ವ್ಯರ್ಥದ್ವಾರ’ ಎಂದದ್ದಂತೂ ಶುದ್ಧ ಪಾಂಡಿತ್ಯದ ಹುಚ್ಚು. ಕೆರೆ ತುಂಬಿದಾಗ ಏರಿಯನ್ನು ಕಾಯುವ ಕೋಡಿಯನ್ನು ಯಾವ ರೈತನೂ ವ್ಯರ್ಥವೆನ್ನನು. ಅದನ್ನು ಕೋಡಿ ಎಂದೇ ತಿದ್ದಿದ್ದೇನೆ. (ಚಿಕ್ಕೋಡಿಯ ಹೆಸರಿನಲ್ಲಿರುವದೂ ಈ ಕೋಡಿಯೇ ಎಂಬುದನ್ನು ಸ್ಥಳನಾಮಗಳ ಸಂಶೋಧಕರಿಗೆ ಬಿಡುವೆನು.)

ಹೊಗೆಚಕ್ರದ ಗೂಡಿನ ಕುರಿತು ಮೂಲದ ಮೇಲೆಯೇ ನನ್ನ ಆಕ್ಷೇಪವಿದೆ. ಗೂಡಿನ ಬಾಯಿಯ ಕ್ಷೇತ್ರವನ್ನು ನಡುವಿನಿಂದ ಅದರ ದೂರದಿಂದ ಭಾಗಿಸಿ, ಬಂದದ್ದನ್ನು ಇಂಗ್ಲಿಷಿನವರು ‘ಎ/ಆರ್’ ಅನುಪಾತವೆನ್ನುವರು. ಕ್ಷೇತ್ರವನ್ನು ಉದ್ದದಿಂದ ಭಾಗಿಸಿದರೆ ಉಳಿಯುವದು ಉದ್ದ, ಶುದ್ಧ ಸಂಖ್ಯೆಯಲ್ಲ. ಅಂಗುಲದ ಲೆಕ್ಕದಲ್ಲಿ 0.64 ಆದದ್ದು ಸೆಂಟಿಮೀಟರಿನಲ್ಲಿ 1.63 ಆಗುವದು. ಅನುಪಾತವಾದುದಕ್ಕೆ ನಾನು ಪ್ರಮಾಣವೆಂದೆನು; ಅನುಪಾತವಲ್ಲದುದಕ್ಕೆ ಅವರು ಅನುಪಾತವೆಂದರು. ಅವರ ಹುಡುಗರು ಅಂಗುಲವನ್ನೇ ಹಿಡಿದು ನಡೆದುದರಿಂದ ಕೇಡಾಗಲಿಲ್ಲ, ಅಷ್ಟೇ. ಉಪಯೋಗವು ಸುಲಭ: ಈ ಸಂಖ್ಯೆ ಚಿಕ್ಕದಾದರೆ ಚಕ್ರ ಬೇಗ ಎಚ್ಚರುವದು, ಮೇಲಿನ ವೇಗದಲ್ಲಿ ಹೊಗೆ ಇಕ್ಕಟ್ಟಾಗುವದು, ದೊಡ್ಡದಾದರೆ ಇದಕ್ಕೆ ವಿಪರೀತ. ಅಥಣಿ, ಕಾಗವಾಡಗಳ ಬಯಲಿನಲ್ಲಿ ಕಬ್ಬಿನ ಹೇರು ಎಳೆದು ಉಗಾರದ ಕಾರಖಾನೆಗೆ ಸಾಲುಗಟ್ಟುವ ಡೀಸೆಲ್ ಟ್ರ್ಯಾಕ್ಟರಿಗೆ ಕೆಳಗಿನ ಸುತ್ತುಗಳಲ್ಲಿಯೇ ಬಲ ಬೇಕು. ಅದಕ್ಕೆ ಚಿಕ್ಕ ಗೂಡು. ಪಂದ್ಯದ ಕಾರಿಗೆ ದೊಡ್ಡದು ಎಂದು ಹುಡುಗರ ಹಟ. ಆದರೆ ತವಂದಿ ಘಟ್ಟದ ತಿರುವಿನಂಥಲ್ಲಿ ವೇಗ ಇಳಿಸಿ ಮತ್ತೆ ಏರುವಾಗ ದೊಡ್ಡ ಚಕ್ರವು ಎದ್ದೇಳುವದರೊಳಗೆ ತಿರುವೇ ಮುಗಿದಿರುವದು. ಪಂದ್ಯದ ದಾರಿಯಲ್ಲಿ ತಿರುವುಗಳೆಷ್ಟು, ನೇರವೆಷ್ಟು ಎಂದು ಅಳೆಯದೆ ದೊಡ್ಡದನ್ನು ಕೊಳ್ಳುವದು, ಕಾಲು ನೋಡದೆ ಚಪ್ಪಲಿ ಕೊಂಡಂತೆ. ಚಪ್ಪಲಿಗೆ ಹೆಸರಾದ ಅಥಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡೆದ ಎಂಜಿನಿಗೆ ಹೊಸ ಪಿಸ್ಟನ್ನುಗಳು ಬಂದಿವೆ. ಮೊಳೆಯ ಮೇಲಿನ ಕೈಬರಹದಲ್ಲಿ ‘ಒತ್ತಡದ ಪ್ರಮಾಣ’ ಎಂದಿದ್ದಲ್ಲೆಲ್ಲ ‘ಒತ್ತಡದ ಪಟ್ಟು’ ಎಂದು ಕೆಂಪು ಶಾಯಿಯಿಂದ ತಿದ್ದಿ, ಪಕ್ಕದಲ್ಲಿ ನಿಪ್ಪಾಣಿಗೆ ಸೂಜಿ 0.75 ಎಂದು ಬರೆದಿದ್ದೇನೆ. ಪಟ್ಟು ಎಂದರೆ ಈ ಸೀಮೆಯಲ್ಲಿ ಕುಸ್ತಿಯ ಪಟ್ಟೂ ಆಗುವದೆಂದು ಮಿಸ್ತ್ರಿಯು ನಕ್ಕನು. ಸೂಜಿಯನ್ನು ಮಾತ್ರ ಪಟ್ಟಿಗೆ ಇಡಲು ಬರುವದಿಲ್ಲವೆಂದು ಒಪ್ಪಿದನು. ಇನ್ನೂ ಐದು ಪುಟಗಳ ತಿದ್ದುಪಡಿ ಉಳಿದಿದೆ.